ಅಲಾಯಿ ಕುಣಿಯ ಸುತ್ತ 30 ಅಡಿ ಮಣ್ಣು ಬಿಡಿ

ಮಾನ್ಯ ಸಂಪಾದಕರೇ,

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಹಳ್ಳಿಗಳಲ್ಲಿ ಸಿಸಿ ರಸ್ತೆ ಬಂದು ಓಣಿಗಳ ಕೆಸರು ಹೋಯಿತು. ಅದು ಆಗಬೇಕಾದ ಕೆಲಸವೇ. ಆದರೆ ಕಾಂಕ್ರೀಟು ಓಣಿಗೆ ನಿಲ್ಲದೆ ಮಸೂತಿಯ ಮುಂದಿನ ಬಯಲಿಗೂ ಅಗಸಿಯ ಕಟ್ಟೆಯ ಸುತ್ತಲಿಗೂ ಗುಡಿಯ ಅಂಗಳಕ್ಕೂ ಹರಡಿದೆ. ಕೆಲವು ಊರುಗಳಲ್ಲಿ ಮೊಹರಂ ಹಬ್ಬದಲ್ಲಿ ಬೆಂಕಿ ಹಾಕಿ ಸುತ್ತ ಹೆಜ್ಜೆ ಹಾಕುವ ಗುಂಡಿಗೆ, ಅಂದರೆ ಅಲಾಯಿ ಕುಣಿಗೆಂದು, ನಡುವೆ ನಾಲ್ಕೈದು ಅಡಿ ಬಿಟ್ಟು, ಸುತ್ತೆಲ್ಲ ಸಿಮೆಂಟು ಹಾಕಿದ್ದಾರೆ ಇಲ್ಲವೇ ಪೇವರ್ಸ್ ಜೋಡಿಸಿದ್ದಾರೆ. ಮಾಡಿಸಿದವರು ಊರಿಗೆ ಒಳ್ಳೆಯದಾಗಲೆಂದೇ ಮಾಡಿಸಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ದೇವರಿಗೆ ಜಾಗ ಬಿಟ್ಟಾಯಿತು ಅಂದುಕೊಂಡರು. ಕುಣಿಯುವವರಿಗೂ ಜಾಗ ಬೇಕು ಅನ್ನುವುದು ಎಸ್ಟಿಮೇಟು ಬರೆಯುವ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

ಈಗ ಊರೂರಲ್ಲಿ ಒಂದೇ ಮಾತು ಕೇಳುತ್ತದೆ: ಹುಡುಗರಿಗೆ ಹೆಜ್ಜೆ ಬೇಡವಾಗಿದೆ, ಡಿಜೆ ಇದ್ದರೆ ಸಾಕು. ಅಲಾಯಿ ಹೆಜ್ಜೆ, ಕೋಲಾಟ ಕಲಿಸುವ ನಾವು ಈ ಮಾತನ್ನು ಒಪ್ಪುವುದಿಲ್ಲ. ಡಿಜೆ ಮುಂದೆ ಕುಣಿಯುವ ಹುಡುಗನಿಗೆ ಕುಣಿಯುವ ಆಸೆ ಇದ್ದೇ ಇದೆ. ಅವನು ಹೆಜ್ಜೆ ಬಿಟ್ಟದ್ದಕ್ಕೆ ಕಾರಣ ಅವನ ಕಾಲ ಕೆಳಗಿದೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳಬೇಕೆಂದು ಈ ಪತ್ರ.

ಮೊದಲು, ಜನ ಯಾಕೆ ಕುಣಿಯುತ್ತಾರೆ ಅನ್ನುವುದು. ಅಲಾಯಿಯ ಸುತ್ತಿಗೆ ಹೊಸದಾಗಿ ಸೇರಿದವರು ಮೊದಲ ಎರಡು ಮೂರು ಸುತ್ತು ಮನಸ್ಸಿನಲ್ಲೇ ಎಣಿಸುತ್ತ, ಮುಂದಿನವರ ಕಾಲು ನೋಡುತ್ತ ಹೋಗುತ್ತಾರೆ. ನಾಲ್ಕೈದು ಸುತ್ತಾದ ಮೇಲೆ ಎಣಿಕೆ ತಾನಾಗಿಯೇ ಬಿಟ್ಟುಹೋಗುತ್ತದೆ. ಹಲಗಿ ಎಂಬ ತೊಗಲು ವಾದ್ಯದ ಪೆಟ್ಟು ಬೀಳುವುದಕ್ಕೂ ಹಿಮ್ಮಡಿ ನೆಲಕ್ಕೆ ತಾಗುವುದಕ್ಕೂ ನಡುವೆ ಸಂದು ಉಳಿಯುವುದಿಲ್ಲ. ಇದಕ್ಕೆ ನಮ್ಮ ಕಡೆ 'ಹೆಜ್ಜಿ ಕೂಡ್ತು' ಅನ್ನುತ್ತಾರೆ. ಆ ಹೊತ್ತಿನಲ್ಲಿ ಮುಖ ನೋಡಿದರೇ ಗೊತ್ತಾಗುತ್ತದೆ, ಹುಬ್ಬಿನ ಗಂಟು ಸಡಿಲಾಗಿರುತ್ತದೆ, ಬಾಯಿ ಹಾಡಿನ ಸೊಲ್ಲಿಗೆ ತಾನೇ ತೆರೆಯುತ್ತದೆ. ಹಗಲು ಬದುವಿನ ಜಗಳಕ್ಕೆ ಮಾತು ಬಿಟ್ಟವರೂ ಅಲ್ಲಿ ಒಂದೇ ಪೆಟ್ಟಿಗೆ ಕಾಲೆತ್ತುತ್ತಾರೆ. ಒಂದೂ ಮುಸ್ಲಿಂ ಮನೆ ಇಲ್ಲದ ಊರಲ್ಲೂ ಅಲಾಯಿ ದೇವರು (ಮೊಹರಂನ ಪಂಜಾಗಳು) ಕೂಡುತ್ತವೆ, ಮೊಹರಂ ಹಾಡು ಕನ್ನಡದಲ್ಲೇ ಏಳುತ್ತದೆ. ಮೊಹರಂಗೆ ಹೆಸರಾದ ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಸುತ್ತಲ ಜಿಲ್ಲೆಗಳ ಜನ ಹೋಗುವುದು ದೇವರ ದರ್ಶನಕ್ಕೆ ಎಷ್ಟೋ, ಆ ಸುತ್ತಿನಲ್ಲಿ ಒಂದು ಗಳಿಗೆ ನಿಲ್ಲುವುದಕ್ಕೂ ಅಷ್ಟೇ.

ಹರಕೆ ಹೊತ್ತವರ ಕುಣಿತ ಬೇರೆ. ಕೆಂಪು ಲಾಡಿ ಹಾಕಿಕೊಂಡು ಫಕೀರರಾದವರು ದಣಿವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗುವಿನ ಕಾಯಿಲೆ ವಾಸಿಯಾದದ್ದಕ್ಕೋ ಮಳೆ ಬಂದದ್ದಕ್ಕೋ ಅವರು ಸಲ್ಲಿಸುವ ಕಾಣಿಕೆ ಆ ದಣಿವೇ. ಜೋಗತಿಯರಿಗೆ ಕುಣಿತ ದೇವರ ಸೇವೆಯೂ ಹೌದು, ಅನ್ನವೂ ಹೌದು, ಕಡೆಗೆ ಮರ್ಯಾದೆಯೂ ಹೌದು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಕೊಡ, ಕೈ ಹಿಡಿಯದೆ ಕುಣಿಯಬೇಕು. ಗದ್ದ ಒಂದು ಬೆರಳು ಕೆಳಗಾದರೂ ಕೊಡ ವಾಲುತ್ತದೆ, ಹಾಗಾಗಿ ಕಣ್ಣು ಎದುರಿನ ಒಂದೇ ಗುರುತಿನ ಮೇಲೆ ನೆಟ್ಟು ಸೊಂಟದ ಕೆಳಗಷ್ಟೇ ಹೆಜ್ಜೆ ಹಾಕುತ್ತಾರೆ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಅವರು ಇದೇ ಕುಣಿತದ ಬಲದಿಂದ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಲಂಬಾಣಿ ತಾಂಡಾಗಳಲ್ಲಿ ಶ್ರಾವಣದ ತೀಜ್ ಬಂತೆಂದರೆ ಮದುವೆಯಾಗದ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸಿ, ಅದರ ಸುತ್ತ ದಿನವೂ ಹಾಡಿ ಕುಣಿಯುತ್ತಾರೆ. ಎಲ್ಲದರಲ್ಲೂ ಸುತ್ತು ಒಂದೇ, ಕಾರಣ ಬೇರೆ ಬೇರೆ.

ಒಟ್ಟಿಗೆ ಕುಣಿದರೆ ನೋವು ಕಡಿಮೆ ತಿಳಿಯುತ್ತದೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ಮಾತು. 2015ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೆಜಿಲ್ ದೇಶದ ಹೈಸ್ಕೂಲು ಮಕ್ಕಳನ್ನು ಗುಂಪುಗಳಾಗಿ ಮಾಡಿ ಕುಣಿಸಿದರು. ಕೆಲವು ಗುಂಪು ಒಂದೇ ಹೆಜ್ಜೆಗೆ, ಕೆಲವು ಹೆಜ್ಜೆ ಕೂಡದಂತೆ. ಕೆಲವು ನಿಂತು ಮೈತುಂಬ, ಕೆಲವು ಕುಳಿತು ಕೈಯಷ್ಟೇ ಆಡಿಸಿ. ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು, ಎಷ್ಟು ಒತ್ತಡದವರೆಗೆ ತಡೆಯುತ್ತಾರೆ ಎಂದು ಕುಣಿತದ ಮೊದಲೂ ಆಮೇಲೂ ನೋಡಿದರು. ಮೈ ದಣಿದಿದ್ದರಿಂದಲೂ ನೋವು ತಡೆಯುವ ಶಕ್ತಿ ಹೆಚ್ಚಿತು. ಹೆಜ್ಜೆ ಕೂಡಿದ್ದರಿಂದ ಬೇರೆಯಾಗಿಯೇ ಹೆಚ್ಚಿತು. ಒಬ್ಬರ ಮೇಲೊಬ್ಬರಿಗೆ ಅಕ್ಕರೆಯೂ ಹೆಚ್ಚಿತು. ಅಂದರೆ ಸುಮ್ಮನೆ ಕೈಕಾಲು ಆಡಿಸುವುದು ಒಂದು ಲಾಭ, ಹೆಜ್ಜೆ ಕೂಡುವುದು ಅದರ ಮೇಲಿನ ಇನ್ನೊಂದು ಲಾಭ. ಡಿಜೆ ಮುಂದೆ ಸಿಗುವುದು ಬಹುಪಾಲು ಮೊದಲನೆಯದು. ಎರಡನೆಯದಕ್ಕೆ ಸುತ್ತು ಬೇಕು, ಪಕ್ಕದವರ ಹಿಮ್ಮಡಿಯ ಸದ್ದು ಕಿವಿಗೆ ಬೀಳಬೇಕು, ನೆಲ ಒಪ್ಪಬೇಕು.

ನೆಲದ ಮಾತಿಗೆ ಬರೋಣ. ಹೊಸಬರಿಗೆ ನಾವು ಮೊದಲು ಹೇಳಿಕೊಡುವುದು ನಾಲ್ಕು ಪೆಟ್ಟಿನ ಹೆಜ್ಜೆ. ಒಂದನೆಯ ಪೆಟ್ಟಿಗೆ ಬಲಗಾಲು ಕುಣಿಯ ಕಡೆ ಇಟ್ಟು ಮೈ ಬಾಗಿಸುವುದು. ಎರಡಕ್ಕೆ ಎಡಗಾಲು ಅದರ ಹಿಂದೆ ತಂದು ನೆಲ ತಟ್ಟಿ ಭಾರ ಬಿಡುವುದು. ಮೂರಕ್ಕೆ ಬಲಗಾಲು ಹಿಂದಕ್ಕೆ ಎಳೆದು ಮೈ ಎತ್ತುವುದು. ನಾಲ್ಕಕ್ಕೆ ಎಡಗಾಲು ಪಕ್ಕಕ್ಕೆ ಇಟ್ಟು ಒಂದು ಮೊಳ ಸರಿಯುವುದು. ಊರಿಂದ ಊರಿಗೆ ಇದು ಬದಲಾಗುತ್ತದೆ, ಕೈವಸ್ತ್ರ ಬೀಸುವ ರೀತಿಯೂ ಬದಲಾಗುತ್ತದೆ, ಆದರೆ ಎರಡನೆಯ ಪೆಟ್ಟಿಗೆ ನೆಲ ತಟ್ಟುವುದು ಬಹಳ ಕಡೆ ಇದೆ. ನಿಮಿಷಕ್ಕೆ 100 ಪೆಟ್ಟು ಅಂತ ಹಿಡಿದರೆ ಗಂಟೆಗೆ 6,000 ಸಲ ಕಾಲು ನೆಲಕ್ಕೆ ಬೀಳುತ್ತದೆ. ಖತಲ್ ರಾತ್ರಿ, ಅಂದರೆ ಮೊಹರಂ ಕಡೆಯ ದಿನದ ಹಿಂದಿನ ರಾತ್ರಿ, ಮೂರು ತಾಸು ಕುಣಿದವರ ಲೆಕ್ಕ 18,000. ಎಲ್ಲವೂ ಬರಿಗಾಲಲ್ಲಿ.

ಈ ಪೆಟ್ಟು ಮಸಾರಿ (ಮರಳು ಬೆರೆತ ಕೆಂಪು) ಮಣ್ಣಿನ ಮೇಲೆ ಬಿದ್ದರೆ ಮಣ್ಣು ಕೂದಲೆಳೆಯಷ್ಟು ಕುಸಿದು ಅದನ್ನು ನುಂಗುತ್ತದೆ. ಕಾಂಕ್ರೀಟು ನುಂಗುವುದಿಲ್ಲ, ಹಾಗೇ ಮೊಣಕಾಲಿಗೆ ಹಿಂದಿರುಗಿಸುತ್ತದೆ. ಎರಡನೆಯ ದಿನಕ್ಕೇ ಮೊಣಕಾಲ ಕೆಳಗಿನ ಮುಂಗಾಲ ಎಲುಬು ನೋಯಲು ಶುರು, ಮೂರನೆಯ ದಿನಕ್ಕೆ ಹಿಮ್ಮಡಿ. ಆಗ ಕುಣಿಯುವವರು ತಮಗೆ ಗೊತ್ತಿಲ್ಲದೆಯೇ ಹೆಜ್ಜೆ ಬದಲಿಸುತ್ತಾರೆ: ಹಿಮ್ಮಡಿ ತಟ್ಟುವುದನ್ನು ಬಿಟ್ಟು ತುದಿಗಾಲಲ್ಲಿ ತೇಲಿಸುತ್ತಾರೆ. ತಟ್ಟು ಹೋದ ಕೂಡಲೇ ಸದ್ದು ಹೋಯಿತು, ಸದ್ದು ಹೋದರೆ ಪಕ್ಕದವರಿಗೆ ಗುರುತು ಹೋಯಿತು, ಹೆಜ್ಜೆ ಕೂಡುವುದಿಲ್ಲ. ಒಂದು ತಾಸಿನೊಳಗೆ ಹುಡುಗರು ಒಬ್ಬೊಬ್ಬರಾಗಿ ಹಿಂದೆ ಸರಿದು ಮೊಬೈಲು ತೆಗೆಯುತ್ತಾರೆ. ನೋಡಿದವರು 'ಆಸಕ್ತಿ ಇಲ್ಲ' ಅನ್ನುತ್ತಾರೆ. ನೋವಾದ ಕಡೆ ಯಾರಿಗೆ ಆಸಕ್ತಿ ನಿಲ್ಲುತ್ತದೆ?

ಬಿಸಿಯ ಮಾತೂ ಇದೆ. ಚಂದ್ರಮಾನದ ತಿಂಗಳಾದ್ದರಿಂದ ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಇಂದು ಮಳೆಗಾಲದಲ್ಲಿ ಬಂದದ್ದು ಮುಂದೆ ಬೇಸಿಗೆಗೆ ಬಂದೇ ಬರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ದಿನ ಕಾದ ಕಾಂಕ್ರೀಟು ರಾತ್ರಿ ಊಟದ ಹೊತ್ತಾದರೂ ಆರಿರುವುದಿಲ್ಲ, ನೀರು ಚಿಮುಕಿಸಿದ ಮಣ್ಣು ದೀಪ ಹಚ್ಚುವ ಹೊತ್ತಿಗೇ ತಣ್ಣಗಾಗಿರುತ್ತದೆ. ಪೇವರ್ಸ್ ಇನ್ನೂ ಕಷ್ಟ. ಅಡಿಯ ಮರಳು ಕುಸಿದು ಒಂದು ಕಲ್ಲು ಎದ್ದರೆ ಸಾಕು, ಕಾಲು ಎಳೆಯುವ ಮೂರನೆಯ ಪೆಟ್ಟಿಗೆ ಹೆಬ್ಬೆರಳ ಉಗುರೇ ಕಿತ್ತುಬರುತ್ತದೆ.

ಕೆಲವರು ಇದಕ್ಕೆ ಉಪಾಯವೆಂದು ಸಿಮೆಂಟಿನ ಮೇಲೆ ಎರಡಿಂಚು ಮರಳೋ ಮಣ್ಣೋ ಹರಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನುಣುಪು ನೆಲದ ಮೇಲಿನ ತೆಳು ಮಣ್ಣು ಕಾಲ ಕೆಳಗೆ ಉರುಳುತ್ತದೆ, ಜಾರುತ್ತದೆ. ಮೈ ಬಾಗಿರುವಾಗ ಕಾಲು ಜಾರಿದರೆ ಬೀಳುವುದು ಬೆಂಕಿಯ ಕಡೆಗೇ.

ಬೆಂಕಿ ಅಂದೆವು, ಹಲಗಿಯ ಮಾತು ಬಂತು. ಅಲಾಯಿ ಕುಣಿಯ ಬೆಂಕಿ ಭಕ್ತಿಗಷ್ಟೇ ಅಲ್ಲ, ಹಲಗಿಗೂ ಬೇಕು. ಸಂಜೆಯ ತಂಪಿಗೆ ತೊಗಲು ಮೆತ್ತಗಾಗಿ 'ಡಬ್ ಡಬ್' ಅನ್ನುತ್ತದೆ. ಬಾರಿಸುವವರು ಅರ್ಧ ತಾಸಿಗೊಮ್ಮೆ ಸುತ್ತಿನಿಂದ ಹೊರಬಂದು, ಬೆಂಕಿಯ ಅಂಚಿಗೆ ಕೂತು, ತೊಗಲನ್ನು ಉರಿಗೆ ಒಂದು ಗೇಣು ಮೇಲೆ ಹಿಡಿದು ತಿರುಗಿಸುತ್ತಲೇ ಇರಬೇಕು. ಒಂದೇ ಕಡೆ ನಿಲ್ಲಿಸಿದರೆ ಆ ಜಾಗ ಮೊದಲು ಬಿಗಿದು, ಅಂಚಿನಲ್ಲಿ ಸೀಳು ಬಿಡುತ್ತದೆ. ಬೆರಳಿನಿಂದ ತಟ್ಟಿದಾಗ 'ಟಣ್' ಅಂದರೆ ಸಾಕು, ಇನ್ನೂ ಬಿಗಿಯಲಿ ಎಂದು ಕಾಯಿಸಿದವರು ನಡುರಾತ್ರಿ ಹಲಗಿ ಹರಿದುಕೊಂಡು ಕೂತಿರುತ್ತಾರೆ. ಒಂದು ಕೈಯಲ್ಲಿ ದಪ್ಪ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳು ಉದ್ದ ಕಡ್ಡಿ. ದಪ್ಪದ ಪೆಟ್ಟು ಕಾಲಿಗೆ, ತೆಳುವಿನ ಪೆಟ್ಟು ನಡುವಿನ ಸಂದು ತುಂಬುವುದಕ್ಕೆ. ಫೈಬರ್ ಹೊದಿಕೆಯ ಹಲಗಿಗೆ ಬೆಂಕಿ ಬೇಡ, ನಿಜ. ಆದರೆ ಅದರ ನಾದ ಬೇಗ ನಿಲ್ಲುವುದಿಲ್ಲ, ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟಿಗೆ ಅಂಟಿಕೊಳ್ಳುತ್ತದೆ. ಸುತ್ತು ದೊಡ್ಡದಾದಷ್ಟೂ ಆಚೆ ಬದಿಯವರಿಗೆ ಪೆಟ್ಟಿನ ಅಂಚು ಸಿಗುವುದಿಲ್ಲ.

ಧ್ವನಿವರ್ಧಕ ಹಾಕಿದರೆ ಸರಿಹೋಗುತ್ತದೆ ಅನ್ನುವವರಿಗೊಂದು ಲೆಕ್ಕ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಬಯಲಿನ ಎರಡು ತುದಿಗೆ 34 ಮೀಟರು ಅಂತರದಲ್ಲಿ ಎರಡು ಸ್ಪೀಕರ್ ಪೆಟ್ಟಿಗೆ ಇಟ್ಟರೆ, ಒಂದರ ಹತ್ತಿರ ನಿಂತವರಿಗೆ ಇನ್ನೊಂದರ ಸದ್ದು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಗಿ ಬರುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಚುರುಕು ನಡೆಯಲ್ಲಿ ಎರಡು ಪೆಟ್ಟಿನ ನಡುವೆ ಇರುವುದೇ ಅರ್ಧ ಸೆಕೆಂಡು. ಅದರಲ್ಲಿ ಐದನೆಯ ಒಂದು ಪಾಲು ತಪ್ಪಿದರೆ ಕಾಲು ಯಾವುದನ್ನು ಹಿಡಿಯಬೇಕು? ಹಾಡುವವರಿಗಷ್ಟೇ ಒಂದು ಮೈಕು ಕೊಟ್ಟು, ಪೆಟ್ಟಿಗೆಯನ್ನು ಹಲಗಿಯವರ ಬೆನ್ನ ಹಿಂದೆಯೇ ಇಟ್ಟು, ಹಲಗಿಯನ್ನು ಮೈಕಿಲ್ಲದೆ ಬಿಟ್ಟರೆ ಸಾಕು.

ಇದೇ ನೆಲ ಹೆಣ್ಣುಮಕ್ಕಳಿಗೂ ಬೇಕು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಬಂದವರು ಕೋಲಾಟ ಆಡುವುದು ಇಂಥ ಬಯಲಲ್ಲೇ. ಕೋಲಾಟದಲ್ಲಿ ಒಳಸುತ್ತು, ಹೊರಸುತ್ತು ಎರಡೂ ಎದುರುಬದುರು ದಿಕ್ಕಿಗೆ ಸಾಗುತ್ತವೆ. ಒಳಸುತ್ತಿನ ಅಡ್ಡಳತೆ 16 ಅಡಿ ಇದ್ದರೆ ಅದರ ಸುತ್ತಳತೆ ಸುಮಾರು 50 ಅಡಿ. ಹೊರಸುತ್ತಿನ ಅಡ್ಡಳತೆ 20 ಅಡಿ ಆದರೆ ಸುತ್ತಳತೆ 63 ಅಡಿಯ ಹತ್ತಿರ. ಅಷ್ಟೇ ಪೆಟ್ಟಿಗೆ ಹೊರಗಿನವರು ಕಾಲುಪಾಲು ಹೆಚ್ಚು ದೂರ ಹೋಗಬೇಕು. ಎತ್ತರದವರನ್ನು ಹೊರಗೆ, ಸಣ್ಣ ಮಕ್ಕಳನ್ನು ಒಳಗೆ ನಿಲ್ಲಿಸುವುದು ಇದಕ್ಕೇ. ಫೋಟೋಕ್ಕೆ ಚಂದ ಕಾಣಲಿ ಎಂದು ಶಾಲೆಗಳಲ್ಲಿ ಇದನ್ನು ತಿರುವಿ ನಿಲ್ಲಿಸುತ್ತಾರೆ, ಮೂರನೆಯ ಸುತ್ತಿಗೆ ಜೋಡಿ ತಪ್ಪಿ ಬೆರಳಿಗೆ ಏಟು ಬೀಳುತ್ತದೆ. ಕೋಲು ಮೊಳಕ್ಕಿಂತ ತುಸು ಗಿಡ್ಡ ಇರಲಿ. ಸಿಪ್ಪೆ ತೆಗೆದು ನೆರಳಲ್ಲೇ ಒಣಗಿಸಿದ ಗಟ್ಟಿ ಮರವಾಗಿರಲಿ, ಬಿಸಿಲಿಗಿಟ್ಟರೆ ಉದ್ದಕ್ಕೂ ಬಿರಿಯುತ್ತದೆ. ಮುಷ್ಟಿ ಬಿಗಿದರೆ ಕೋಲು ಸತ್ತ ಸದ್ದು ಕೊಡುತ್ತದೆ, ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಮೇಲಿನ ಮೂರನೆಯ ಒಂದು ಭಾಗದಲ್ಲಿ ತಾಗಿಸಿದರೆ ಗಣಗಣ ಅನ್ನುತ್ತದೆ. ಕೈ ಭುಜದ ಮೇಲೆ ಏಳಬಾರದು.

ಜಡೆ ಕೋಲಾಟಕ್ಕೆ ಇನ್ನಷ್ಟು ಎಚ್ಚರ ಬೇಕು. ಹಗ್ಗ ಹಿಡಿದವರ ಸಂಖ್ಯೆ ಸಮವಾಗಿರಬೇಕು. ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ, ಎದುರಿಗೆ ಬಂದ ಒಬ್ಬರ ಹಗ್ಗದ ಕೆಳಗೆ ನುಸುಳಿದರೆ ಮುಂದಿನವರ ಮೇಲೆ ಹಾಯಬೇಕು. ಯಾರಾದರೂ ಎರಡು ಸಲ ಒಟ್ಟಿಗೆ ಕೆಳಗೆ ನುಸುಳಿದರೆ ಹೆಣೆಯುವಾಗ ಕಣ್ಣಿಗೆ ಕಾಣುವುದಿಲ್ಲ. ಬಿಚ್ಚುವಾಗ ಸರಿಯಾಗಿ ಅಲ್ಲಿಗೇ ಬಂದು ಗಂಟು ನಿಲ್ಲುತ್ತದೆ. ಆಗ ಎಳೆಯಬಾರದು. ಎಲ್ಲರೂ ನಿಂತಲ್ಲೇ ಹೆಜ್ಜೆ ಹಾಕುತ್ತಿರಬೇಕು, ತಪ್ಪಿದವರೊಬ್ಬರೇ ತಿರುಗಿ ಬಂದು ಬಿಡಿಸಿಕೊಳ್ಳಬೇಕು. ಈ ಹೊತ್ತಿನಲ್ಲಿ ಹಾಡುವವರು ಮಾಡುವ ಕೆಲಸವೇ ದೊಡ್ಡದು. ಗಂಟು ಬಿಡುವ ತನಕ ಅದೇ ಸೊಲ್ಲನ್ನು ಎತ್ತಿ ಎತ್ತಿ ಹಾಡಿ ಕಾಯುತ್ತಾರೆ. ಅಲಾಯಿ ಹೆಜ್ಜೆಯಲ್ಲೂ ಅಷ್ಟೇ, ಒಂದು ಬದಿ ಮುರಿದರೆ ಮುಂದಾಳು ಸಾಲು ಎಳೆದು ಎಲ್ಲರನ್ನೂ ಕೂಡಿಸಿಕೊಂಡೇ ಮುಂದೆ ಹೋಗುವುದು. ಪೆನ್‌ಡ್ರೈವ್‌ನ ಹಾಡು ಹೀಗೆ ನಿಲ್ಲುವುದಿಲ್ಲ. ಅದಕ್ಕೆ ಕುಣಿಯುವ ಮಕ್ಕಳು ತಪ್ಪಿದ ಕೂಡಲೇ ಅಳುಮುಖ ಮಾಡುತ್ತಾರೆ, ಮರುವರ್ಷ ಹೆಸರು ಕೊಡುವುದಿಲ್ಲ.

ಕುಣಿತಕ್ಕೆ ಜಾಗ ಕಟ್ಟುವುದು ಈ ನೆಲಕ್ಕೆ ಹೊಸದೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಮನೆಯ ನೃತ್ಯಶಾಲೆಯನ್ನು ನೋಡಿ ಬರೆದಿಟ್ಟಿದ್ದಾನೆ. ಅಲ್ಲಿನ ಫಲಕಗಳಲ್ಲಿ ಒಂದೊಂದು ನೃತ್ಯ ಮುಗಿಯುವಾಗಿನ ನಿಲುವನ್ನು ಕೆತ್ತಿದ್ದರಂತೆ, ಕಲಿಯುವ ಹೆಂಗಸರು ಮರೆತರೆ ನೋಡಿಕೊಳ್ಳಲಿ ಅಂತ. ಕೈಯಿಂದ ಹಿಡಿದುಕೊಂಡು ಮೈಕಾಲು ಸಡಿಲ ಮಾಡಿಕೊಳ್ಳುವುದಕ್ಕೆ ಒಂದು ಕಡೆ ಬೇರೆಯೇ ಜಾಗವಿತ್ತಂತೆ. ಕೆತ್ತಿದವರಿಗೆ ಕಲಿಸುವವರ ಕಷ್ಟ ಗೊತ್ತಿತ್ತು ಅನ್ನಿಸುತ್ತದೆ: ಶುರು ಮಾಡುವುದು ಎಲ್ಲರಿಗೂ ಬರುತ್ತದೆ, ಎಲ್ಲರೂ ಒಂದೇ ಪೆಟ್ಟಿಗೆ ನಿಲ್ಲುವುದನ್ನು ಕಲಿಸಲು ವಾರಗಟ್ಟಲೆ ಬೇಕು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕೋಲು ಹಿಡಿದು ಕುಣಿಯುವ ಹೆಂಗಸರು ಇವತ್ತಿಗೂ ಇದ್ದಾರೆ, ಹಂಪಿಗೆ ಹೋದವರು ನಿಂತು ನೋಡಬಹುದು.

ಉತ್ಸವಗಳ ವೇದಿಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಲೈವುಡ್ ಹಲಗೆಯ ಟೊಳ್ಳು ಸದ್ದು ಗೆಜ್ಜೆಯನ್ನು ನುಂಗುತ್ತದೆ, ಸುತ್ತು ಹೋಗಿ ಜನರ ಕಡೆ ಮುಖ ಮಾಡಿದ ಸಾಲಾಗುತ್ತದೆ, ಐದು ನಿಮಿಷಕ್ಕೆ ಇಳಿಯಿರಿ ಅನ್ನುತ್ತಾರೆ. ಹೆಜ್ಜೆ ಕೂಡುವುದಕ್ಕೇ ಐದು ನಿಮಿಷ ಬೇಕು. ವೇದಿಕೆಯ ಮುಂದೆ ಒಂದಿಷ್ಟು ನೆಲ ಬಿಟ್ಟರೆ ನಾವು ಅಲ್ಲೇ ಕುಣಿಯುತ್ತೇವೆ.

ನಮ್ಮ ಬೇಡಿಕೆ ಗ್ರಾಮ ಪಂಚಾಯಿತಿಗಳಿಗೆ ಮತ್ತು ಎಸ್ಟಿಮೇಟು ಬರೆಯುವ ಎಂಜಿನಿಯರುಗಳಿಗೆ. ಅಲಾಯಿ ಕುಣಿ ಇರುವ ಬಯಲಲ್ಲಿ ಅಡ್ಡಳತೆ 30 ಅಡಿಯ ಒಂದು ಸುತ್ತನ್ನು ಮಣ್ಣಾಗಿಯೇ ಬಿಡಿ. 30 ಅಡಿ ಎಲ್ಲಿಂದ ಬಂತೆಂದರೆ, ಕುಣಿ 5 ಅಡಿ, ಬೆಂಕಿಯ ಬಿಸಿಗೆ ಎರಡೂ ಕಡೆ ಐದೈದು ಅಡಿ, ಅಲ್ಲಿಂದಾಚೆ ಎರಡು ಸಾಲು ಕುಣಿಯುವವರು, ಅವರ ಬೆನ್ನ ಹಿಂದೆ ಕೈ ಬೀಸುವುದಕ್ಕೂ ದೇವರು ಹೊತ್ತವರು ಹಾಯುವುದಕ್ಕೂ ಸುತ್ತಲೂ ಐದಡಿ. ಇದರಲ್ಲಿ 32 ಜನ ಆರಾಮಾಗಿ ಕುಣಿಯಬಹುದು. ಒಟ್ಟು ಜಾಗ ಸುಮಾರು 700 ಚದರಡಿ, ಅಷ್ಟು ಸಿಮೆಂಟಿನ ಖರ್ಚು ಉಳಿದಂತೆಯೇ.

ಈಗಾಗಲೇ ಸಿಮೆಂಟು ಹಾಕಿದ್ದರೆ ಕಟರ್‌ನಿಂದ ಸುತ್ತಾಗಿ ಕೊಯ್ದು ತೆಗೆಸಬೇಕು. ಕೆಳಗೆ ಆರಿಂಚು ಗರಸು (ಹರಳು ಬೆರೆತ ಮಣ್ಣು) ತುಂಬಿ, ನೀರು ಹಾಕಿ, ದಿಮ್ಮಸಿನಿಂದ ಬಡಿದು, ಮೇಲೆ ಜರಡಿ ಹಿಡಿದ ಮಸಾರಿ ಮಣ್ಣು ಮೂರಿಂಚು. ಎರಿ (ಕಪ್ಪು) ಮಣ್ಣು ಹಾಕಿದರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಎರಿ ಸೀಮೆಯ ಊರಿನವರು ಒಂದೆರಡು ಟ್ರ್ಯಾಕ್ಟರ್ ಮಸಾರಿ ಬೇರೆ ಕಡೆಯಿಂದ ತರಿಸುವುದೇ ಒಳ್ಳೆಯದು. ನಡುವಿನಿಂದ ಅಂಚಿಗೆ ಎರಡಿಂಚು ಇಳಿಜಾರು ಕೊಟ್ಟರೆ ಮಳೆನೀರು ಕುಣಿಗೆ ಇಳಿಯುವುದಿಲ್ಲ. ಅಂಚುಗಲ್ಲು ಇಡುವುದಾದರೆ ನೆಲದ ಮಟ್ಟಕ್ಕೇ ಇರಲಿ, ಒಂದಿಂಚು ಎದ್ದರೂ ರಾತ್ರಿ ಎಡವುತ್ತಾರೆ. ಕುಣಿಯುವ ದಿನ ಬೆಣಚುಕಲ್ಲು ಆರಿಸಿ, ಕಸ ಗುಡಿಸಿ, ಎರಡು ತಾಸು ಮೊದಲೇ ಹತ್ತು ಹನ್ನೆರಡು ಕೊಡ ನೀರು ಚಿಮುಕಿಸಬೇಕು. ಕುಣಿಯಲು ನಿಂತ ಮೇಲೆ ಚಿಮುಕಿಸಿದರೆ ಮೇಲ್ಪದರವಷ್ಟೇ ನೆನೆದು ಜಾರುತ್ತದೆ. ಧೂಳಿನ ದೂರಿಗೂ ಇದೇ ಉತ್ತರ.

ಹಬ್ಬಕ್ಕೆ ಕುಣಿ ತೋಡಲು ಗುದ್ದಲಿ ಹಾಕುವ ದಿನದ ತನಕ ಕಾಯಬೇಕಿಲ್ಲ. ಕಾಮಗಾರಿ ಪಟ್ಟಿ ಗ್ರಾಮಸಭೆಯ ಮುಂದೆ ಬರುವ ಮೊದಲೇ ಊರಿನ ಹಿರಿಯರೊಬ್ಬರನ್ನು ಕರೆದು ಕುಣಿಯ ನಡುವೆ ಗೂಟ ನೆಡಿ. 15 ಅಡಿ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ಸುತ್ತು ಬಂದು, ಹಗ್ಗ ಹೋದಲ್ಲೆಲ್ಲ ಸುಣ್ಣ ಚೆಲ್ಲಿ. ಆ ಗೆರೆಯ ಫೋಟೋವನ್ನು ಅರ್ಜಿಯ ಜೊತೆ ಪಂಚಾಯಿತಿಗೆ ಕೊಡಿ.

ಇತಿ,
ಅಲಾಯಿ ಹೆಜ್ಜೆ ಮತ್ತು ಕೋಲಾಟ ಕಲಿಸುವವರು,
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ